ಅವರೆಕಾಯಿ ಕಾಲದ ವಿಮಾನ

ಸೊಗಡು ಅವರೆಕಾಯಿಯ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಒಂದು ಯುದ್ಧವಿಮಾನದ ಬಾಲ ನೆನಪಾಗುತ್ತದೆ. ಎಲ್ಲಿಂದೆಲ್ಲಿಗೆ ಸಂಬಂಧ ಅಂತ ನಿಮಗೆ ಅನ್ನಿಸಬಹುದು. ಸಂಬಂಧ ಇದೆ. ನಿಧಾನಕ್ಕೆ ಹೇಳುತ್ತೇನೆ, ಹೊದಿಕೆ ಹೊದ್ದು ಕೂತ್ಕೊಳ್ಳಿ.

ಆಗ ನಾವು ಮೂವರು ಬೆಂಗಳೂರಿನ ಮುರುಗೇಶಪಾಳ್ಯದಲ್ಲಿ ಒಂದು ಮಹಡಿ ಕೋಣೆಯಲ್ಲಿದ್ದೆವು. ಮೇಲೆ ಕಲ್ನಾರಿನ ಶೀಟು, ಕೆಳಗೆ ಸಿಮೆಂಟಿನ ನೆಲ. ಊರಿನ ವಿಮಾನ ನಿಲ್ದಾಣ ಆಗ ಅಲ್ಲೇ ಪಕ್ಕದಲ್ಲಿತ್ತು, ಎಚ್‌ಎಎಲ್ ರನ್‌ವೇಯಲ್ಲಿ. ವಿಮಾನ ಏರಿದಾಗಲೆಲ್ಲ ಶೀಟು ಗಡಗಡ ಅಂದು, ಗೂಟಕ್ಕೆ ಹಾಕಿದ ಅಂಗಿಗಳು ಒಂದು ಸಲ ಅಲ್ಲಾಡಿ ನಿಲ್ಲುತ್ತಿದ್ದವು. ನನ್ನ ಜೊತೆ ಒಬ್ಬ ತಿಪಟೂರಿನವನು, ಇನ್ನೊಬ್ಬ ಕಾರ್ಕಳದವನು. ತಿಪಟೂರಿನವನಿಗೆ ಯಾವ ಅಡುಗೆಗೂ ಕೊಬ್ಬರಿ ಬೇಕು. ಕಾರ್ಕಳದವನು ಕುಚ್ಚಲಕ್ಕಿ ಬಿಟ್ಟು ಬೇರೆ ಅನ್ನವನ್ನು ಅನ್ನ ಅಂತಲೇ ಒಪ್ಪುತ್ತಿರಲಿಲ್ಲ. ಮೂವರೂ ಎಂಜಿನಿಯರಿಂಗ್ ಮುಗಿಸಿ, ಹಗಲು ಯಾವುದೋ ಸಣ್ಣಪುಟ್ಟ ಕೆಲಸ ಮಾಡಿಕೊಂಡು, ರಾತ್ರಿಯಾದರೆ ಒಂದೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆವು. ಆ ಕಂಪ್ಯೂಟರನ್ನು ಎಸ್‌ಪಿ ರೋಡಿನಲ್ಲಿ ಬಿಡಿಬಿಡಿಯಾಗಿ ಕೊಂಡು ಜೋಡಿಸಿದ್ದು. ಯಾವ ವರ್ಷ ಜೋಡಿಸಿದೆವು ಅನ್ನುವುದು ಈಗ ಮಸುಕು. ಅದರ ಫ್ಯಾನಿನ ಸದ್ದು ಮಾತ್ರ ಕಿವಿಯಲ್ಲಿ ಹಾಗೇ ಇದೆ.

ನಮ್ಮ ಹುಚ್ಚಿಗೆ ಕಾರಣ ತಿಪಟೂರಿನವನು ಎಲ್ಲಿಂದಲೋ ತಂದ ಒಂದು ಝೆರಾಕ್ಸ್ ಕಟ್ಟು. ಸ್ಟೀವನ್ಸ್ ಮತ್ತು ಲೂಯಿಸ್ ಎಂಬಿಬ್ಬರು 1992ರಲ್ಲಿ ತಂದ ಪುಸ್ತಕ ಅದು, ವಿಮಾನದ ನಿಯಂತ್ರಣ ಮತ್ತು ಸಿಮ್ಯುಲೇಶನ್ ಕುರಿತದ್ದು. ಅದರಲ್ಲಿ ಕೆಲವೇ ಪುಟಗಳ ಫೋರ್ಟ್ರಾನ್‌ನಲ್ಲಿ ಒಂದು ಇಡೀ ಎಫ್-16 ಯುದ್ಧವಿಮಾನ ಕೂತಿತ್ತು. ಅಮೆರಿಕದ ಲ್ಯಾಂಗ್ಲಿಯಲ್ಲಿ ನಾಸಾದವರು ಗಾಳಿಸುರಂಗದಲ್ಲಿ ಮಾದರಿ ವಿಮಾನ ಇಟ್ಟು ಅಳೆದ ಅಂಕಿಗಳನ್ನು 1979ರ ಒಂದು ವರದಿಯಲ್ಲಿ ಬಹಿರಂಗವಾಗಿ ಅಚ್ಚು ಹಾಕಿದ್ದರು. ಪುಸ್ತಕದವರು ಅದನ್ನೇ ಸಂಕ್ಷೇಪಿಸಿಕೊಂಡಿದ್ದರು. ಗುಟ್ಟಿನದು ಏನೂ ಇರಲಿಲ್ಲ. ಜಗತ್ತಿನ ಎಷ್ಟೋ ಕಾಲೇಜಿನ ಹುಡುಗರು ಆ ಅಂಕಿಗಳಿಂದಲೇ ಈ ವಿದ್ಯೆ ಕಲಿತಿದ್ದಾರೆ.

ಲೆಕ್ಕದ ವಿಮಾನ ಅಂದರೆ ಏನು ಅಂತ ಕೇಳಿದರೆ, ಅದೊಂದು ಮಗ್ಗಿ ಪುಸ್ತಕ ಅನ್ನಬೇಕು. ಮೂತಿ ಗಾಳಿಗೆ ಇಷ್ಟು ಡಿಗ್ರಿ ಎತ್ತಿದೆ, ಬಾಲದ ಹಲಗೆ ಇಷ್ಟು ತಿರುಗಿದೆ, ಹಾಗಾದರೆ ಮೂತಿಯನ್ನು ಮೇಲಕ್ಕೋ ಕೆಳಕ್ಕೋ ತಿರುಗಿಸುವ ಬಲ ಎಷ್ಟು? ಕೋಷ್ಟಕ ನೋಡು. ಮೂತಿಯ ಕೋನ ಮೈನಸ್ 10ರಿಂದ 45 ಡಿಗ್ರಿವರೆಗೆ, ಐದೈದರ ಹೆಜ್ಜೆಯಲ್ಲಿ ಹನ್ನೆರಡು ಮನೆ. ಬಾಲಕ್ಕೆ ಐದು ಸಾಲು. ಒಂದು ಕೋಷ್ಟಕಕ್ಕೆ ಅರವತ್ತು ಅಂಕಿ. ಅಂಥವು ಹಲವು. ಕಂಪ್ಯೂಟರು ಸೆಕೆಂಡಿಗೆ ಐವತ್ತು ಸಲವೋ ನೂರು ಸಲವೋ ಈ ಕೋಷ್ಟಕಗಳನ್ನು ತಿರುವಿ, ಬಲ ಕೂಡಿಸಿ, ವಿಮಾನ ಮುಂದಿನ ಚಣ ಎಲ್ಲಿರುತ್ತದೆ ಅಂತ ಹೇಳಬೇಕು.

ಆ ಅಂಕಿಗಳನ್ನು ಒಬ್ಬ ಓದುವುದು, ಒಬ್ಬ ಟೈಪು ಮಾಡುವುದು, ಒಬ್ಬ ಮೇಲಿಂದ ಬೆರಳಿಟ್ಟು ನೋಡುವುದು. ಓದುವ ಪಾಳಿ ಕಾರ್ಕಳದವನದು. ಯಕ್ಷಗಾನದ ಮನೆತನ, ಗಂಟಲು ದೊಡ್ಡದು. "ಮೈನಸ್ ಪಾಯಿಂಟ್ ಸೊನ್ನೆ..." ಅಂತ ಅವನು ಶುರು ಮಾಡಿದರೆ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಬುಡಕ್ಕೆ ಬಂದು, "ಏನ್ ಮಗಾ ಅದು, ಸಹಸ್ರನಾಮಾನಾ?" ಅಂತ ಕೇಳುತ್ತಿದ್ದರು.

ಅಜ್ಜಿ ಮನೆಯ ಒಡತಿ. ಆ ವರ್ಷ ಅವರ ಮಗಳು ಬಾಣಂತನಕ್ಕೆ ಬಂದಿದ್ದಳು. ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿ, ಅದರ ಹಗ್ಗವನ್ನು ಅಡುಗೆಮನೆ ಬಾಗಿಲತನಕ ಎಳೆದುಕೊಂಡಿದ್ದರು. ಒಂದು ಕೈಯಲ್ಲಿ ಅವರೆಕಾಳು ಹಿತುಕುತ್ತ, ಕಾಲಿನ ಹೆಬ್ಬೆರಳಿಗೆ ಹಗ್ಗ ಸಿಕ್ಕಿಸಿಕೊಂಡು ತೂಗುವುದು ಅವರ ಪದ್ಧತಿ. ಮಗು ಎಚ್ಚರವಾಗುವ ಮುಂಚೆಯೇ ಆ ಹೆಬ್ಬೆರಳಿಗೆ ಹೇಗೆ ಗೊತ್ತಾಗುತ್ತಿತ್ತೋ! ಈ ತೊಟ್ಟಿಲನ್ನು ನೆನಪಿಟ್ಟುಕೊಂಡಿರಿ, ಮತ್ತೆ ಬರುತ್ತದೆ.

ಈಗ ಮೇಷ್ಟ್ರ ವಿಷಯ. ಅವರು ಶಾಲೆ ಮೇಷ್ಟ್ರಲ್ಲ. ವಿಮಾನದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ, ಮನೆಯಲ್ಲಿ ಪಿಯುಸಿ ಹುಡುಗರಿಗೆ ಲೆಕ್ಕ ಹೇಳಿಕೊಡುತ್ತಿದ್ದರಿಂದ ಬೀದಿಗೆಲ್ಲ ಮೇಷ್ಟ್ರು. ಹರೆಯದಲ್ಲಿ ಮಾರುತ್ ವಿಮಾನದ ಕೆಲಸ ಮಾಡಿದವರು. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ವಿನ್ಯಾಸ ಮಾಡಿದ, 1961ರಲ್ಲಿ ಮೊದಲು ಹಾರಿದ ಆ ಮಾರುತ್. ಟ್ಯಾಂಕ್ ಹೆಸರು ಹೇಳುವಾಗ ಮೇಷ್ಟ್ರು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುತ್ತಿದ್ದರು. ದೀಪಾವಳಿಯಿಂದ ಶಿವರಾತ್ರಿವರೆಗೆ ತಲೆ ಮೇಲಿನ ಮಂಕಿ ಟೋಪಿ ಇಳಿಯುತ್ತಿರಲಿಲ್ಲ. ಜೇಬಿನಲ್ಲಿ ಆರಿಂಚಿನ ಸ್ಟೀಲ್ ಸ್ಕೇಲು, ಮೊಂಡಾಗದ ಪೆನ್ಸಿಲು. ಪರದೆಯ ಮೇಲಿನದನ್ನು ಅವರು ಎಂದೂ ಕಣ್ಣಿಟ್ಟು ನೋಡಲಿಲ್ಲ. "ಪೇಪರ್ ಮೇಲೆ ತೋರ್ಸ್ರಯ್ಯಾ" ಅನ್ನುವುದು ಅವರ ಪಲ್ಲವಿ.

ಅವರು ಮೊದಲ ಸಲ ನಮ್ಮ ಕೋಣೆ ಹತ್ತಿದ್ದು ಯಾಕೆ ಅನ್ನುವುದು ಸರಿಯಾಗಿ ನೆನಪಿಲ್ಲ. ಅಜ್ಜಿಯೇ ಕಳಿಸಿರಬೇಕು. ಬಂದ ದಿನ ನಮ್ಮ ವಿಮಾನ ಒಂದು ವಿಚಿತ್ರ ರೋಗಕ್ಕೆ ಬಿದ್ದಿತ್ತು. ಮೂತಿ ಸ್ವಲ್ಪ ಎತ್ತಿದರೆ ಸರಿ, ಬಹಳ ಎತ್ತಿದರೂ ಸರಿ, ನಡುವೆ ಒಂದು ಕೋನಕ್ಕೆ ಬಂದರೆ ಮಾತ್ರ ದೆವ್ವ ಮೆಟ್ಟಿದ ಹಾಗೆ ಪಲ್ಟಿ ಹೊಡೆಯುತ್ತಿತ್ತು. ಮೇಷ್ಟ್ರು ಕೋಷ್ಟಕಗಳನ್ನು ಅಚ್ಚು ಹಾಕಿಸಿಕೊಂಡು, ನೆಲದ ಮೇಲೆ ಹರಡಿ, ಸಾಲು ಸಾಲಾಗಿ ಪೆನ್ಸಿಲು ಇಳಿಸಿದರು. ವಿಮಾನ ಮೂತಿ ತಿರುಗಿಸುವಾಗ ಗಾಳಿ ಅದನ್ನು ತಡೆದು ಹಿಡಿಯುತ್ತದಲ್ಲ, ಆ ತಡೆಯ ಸಾಲಿನಲ್ಲಿ ಪೆನ್ಸಿಲು ನಿಂತಿತು. "ಇಲ್ಲಿ ಎಲ್ರೂ ಮೈನಸ್ಸು. ಇವನೊಬ್ಬ ಯಾಕಯ್ಯ ಪ್ಲಸ್ಸು?"

ಝೆರಾಕ್ಸ್ ಪುಟವನ್ನು ಬಲ್ಬಿಗೆ ಹಿಡಿದು ನೋಡಿದೆವು. ಆ ಅಂಕಿಯ ಎಡಗಡೆ, ಮೈನಸ್ ಗೆರೆ ಇರಬೇಕಾದ ಕಡೆ, ಬಿಳಿ ಕಾಗದ. ಝೆರಾಕ್ಸಿನವನ ಗಾಜಿನ ಮೇಲೆ ಒಂದು ಕಸ ಇತ್ತೋ ಏನೋ, ಎಳ್ಳಿಗಿಂತ ಸಣ್ಣ ಗೆರೆಯೊಂದು ಅಳಿಸಿತ್ತು. ತಡೆಯಬೇಕಾದ ಗಾಳಿ ಆ ಒಂದು ಕೋನದಲ್ಲಿ ಹಿಂದಿನಿಂದ ನೂಕುತ್ತಿತ್ತು. ಮೈನಸ್ ಸೇರಿಸಿದೆವು. ವಿಮಾನ ಸುಮ್ಮನಾಯಿತು. ಅಂದಿನಿಂದ ಮೇಷ್ಟ್ರು ದಿನಾ ಬರತೊಡಗಿದರು.

ಎಫ್-16ರ ವಿಶೇಷ ಏನೆಂದರೆ ಅದು ತಾನಾಗಿ ನೆಟ್ಟಗೆ ಹಾರುವ ವಿಮಾನ ಅಲ್ಲ. ಹಳೆಯ ವಿಮಾನಗಳು ದೀಪದ ಕಂಬಕ್ಕೆ ನೇತುಹಾಕಿದ ಲಾಟೀನಿನ ಹಾಗೆ, ಅಲುಗಿಸಿದರೆ ಮತ್ತೆ ತಮ್ಮ ಜಾಗಕ್ಕೆ ಬರುತ್ತವೆ. ಎಫ್-16 ಅಂಗೈ ಮೇಲೆ ನಿಲ್ಲಿಸಿದ ಕೋಲು. ಬೇಕೆಂದೇ ಹಾಗೆ ಮಾಡಿದ್ದು. ಬೀಳಲು ಸದಾ ಸಿದ್ಧವಾಗಿರುವ ಕೋಲು ಯಾವ ಕಡೆಗೂ ಥಟ್ಟನೆ ತಿರುಗುತ್ತದೆ, ಯುದ್ಧದಲ್ಲಿ ಅದೇ ಬೇಕಾದದ್ದು. ಮನುಷ್ಯನ ಕೈ ಅದನ್ನು ಹಿಡಿಯಲಾರದು. ಅದಕ್ಕೇ ಪೈಲಟ್ಟಿಗೂ ಬಾಲಕ್ಕೂ ನಡುವೆ ಕಂಪ್ಯೂಟರು. ಪೈಲಟ್ ಕೋಲಿನಿಂದ ತನ್ನ ಆಸೆ ಹೇಳುತ್ತಾನೆ, ಕಂಪ್ಯೂಟರು ಅಂಗೈ ಆಡಿಸುತ್ತಲೇ ಇರುತ್ತದೆ. ಫ್ಲೈ-ಬೈ-ವೈರ್ ಅನ್ನುವುದು ಇದನ್ನೇ. ನಮ್ಮ ಲೆಕ್ಕದ ವಿಮಾನದಲ್ಲಿ ತೂಕದ ಕೇಂದ್ರ ರೆಕ್ಕೆಯ ಅಗಲದ ನೂರಕ್ಕೆ 35ರಲ್ಲಿತ್ತು. ಅದನ್ನು 30ಕ್ಕೆ ಸರಿಸಿದರೆ ಸಾಧು ಹಸು, 38ಕ್ಕೆ ಸರಿಸಿದರೆ ಹೋರಿ. ಈ ಆಟವನ್ನು ನಾವು ಎಷ್ಟು ರಾತ್ರಿ ಆಡಿದೆವೋ ಲೆಕ್ಕವಿಲ್ಲ.

ಕಂಟ್ರೋಲ್ ಲಾ ಅಂತ ಕರೆಯುವ ಆ ನಡುವಿನ ನಿಯಮಗಳನ್ನು ನಾವೇ ಬರೆದೆವು. ಮೂತಿಯ ಕೋನ ಎಷ್ಟು, ಮೂತಿ ಎಷ್ಟು ಬೇಗ ತಿರುಗುತ್ತಿದೆ, ಎರಡನ್ನೂ ಅಳೆದು ಬಾಲಕ್ಕೆ ಹೇಳುವುದು. ಒಂದು ರಾತ್ರಿ ಎಲ್ಲ ಕೂಡಿ ಬಂದು, ಆಟದ ಜಾಯ್‌ಸ್ಟಿಕ್ ಹಿಡಿದು ನಾನು ಹಾರಿಸಿದೆ. ಪರದೆಯ ಮೇಲೆ ಒಂದು ಹಸಿರು ಗೆರೆಯೇ ದಿಗಂತ. ಆ ಗೆರೆ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಜಾರಿತು. ತಿಪಟೂರಿನವನು ಕುಣಿದುಬಿಟ್ಟ.

ಮೇಷ್ಟ್ರು ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಸುರಿದುಕೊಳ್ಳುತ್ತ ಕೇಳಿದರು: "ಬಾಲ ತಿರುಗ್ಸೋರು ಯಾರು?"

"ಕಂಪ್ಯೂಟರ್ ಸಾರ್."

"ಕಂಪ್ಯೂಟರ್ ಹೇಳತ್ತೆ ಕಣಯ್ಯ. ತಿರುಗ್ಸೋರು ಯಾರು?"

ನಮಗೆ ಹೊಳೆಯಲಿಲ್ಲ. ಅವರು ತಮ್ಮ ತೋಳು ತೋರಿಸಿದರು. ಎಣ್ಣೆಯ ಒತ್ತಡದಿಂದ ಹಲಗೆ ತಳ್ಳುವ ಹೈಡ್ರಾಲಿಕ್ ಸಿಲಿಂಡರೇ ವಿಮಾನದ ತೋಳು. ಅದಕ್ಕೊಂದು ತೂಕ ಇದೆ, ಒಂದು ಮಿತಿ ಇದೆ. ಪುಸ್ತಕದಲ್ಲೂ ಬರೆದಿತ್ತು, ನಾವು ಆ ಸಾಲುಗಳನ್ನು ಆಮೇಲೆ ನೋಡಿದರಾಯಿತು ಅಂತ ಬಿಟ್ಟಿದ್ದೆವು. ಬಾಲ ಆ ಕಡೆ 25, ಈ ಕಡೆ 25 ಡಿಗ್ರಿಗಿಂತ ಆಚೆ ತಿರುಗದು. ಸೆಕೆಂಡಿಗೆ 60 ಡಿಗ್ರಿಗಿಂತ ವೇಗವಾಗಿ ತಿರುಗದು. ಹೇಳಿದ ಮೇಲೆ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಹಿಂದೆ ಬೀಳುತ್ತದೆ. ನಮ್ಮ ಬಾಲಕ್ಕೆ ನಾವು ಕೊಟ್ಟಿದ್ದದ್ದು ದೇವರ ತೋಳು. ಬೆಣ್ಣೆಯಂತೆ ಹಾರದೆ ಇನ್ನೇನು.

ಮಿತಿಗಳನ್ನು ಸೇರಿಸಿದೆವು. ಆಗಲೂ ಹಾರಿತು, ಸ್ವಲ್ಪ ಒರಟಾಗಿ. ಸಾಕು ಅಂದುಕೊಂಡೆವು. ಮೇಷ್ಟ್ರಿಗೆ ಸಾಲಲಿಲ್ಲ. "ನೀವು ಮೂರು ಜನ ಹಸು ಕರೆದ ಹಾಗೆ ಹಿಡೀತೀರ. ಹಾರೋರ ಕೈಗೆ ಕೊಡ್ಬೇಕು" ಅಂದರು. ಹಾಗೆ ಅಂದವರು ಅವತ್ತು ಒಂದು ಕತೆಯನ್ನೂ ಹೇಳಿದರು. ಎಫ್-16ರ ಮೊದಲ ಮಾದರಿ 1974ರ ಜನವರಿ 20ರಂದು ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್‌ನಲ್ಲಿ ಹಾರಿದ್ದು ಹಾರಬೇಕೆಂದಲ್ಲ. ಅವತ್ತು ಫಿಲ್ ಓಸ್ಟ್ರೈಕರ್ ಎಂಬ ಪೈಲಟ್ ರನ್‌ವೇ ಮೇಲೆ ಜೋರಾಗಿ ಓಡಿಸಿ ನೋಡುವುದಿತ್ತು, ಅಷ್ಟೇ. ಅಡ್ಡಕ್ಕೆ ವಾಲಿಸುವ ನಿಯಂತ್ರಣ ಅತಿ ಚುರುಕಾಗಿತ್ತು. ಕೋಲು ಮುಟ್ಟಿದ್ದೇ ವಿಮಾನ ಆ ಕಡೆ ಈ ಕಡೆ ತೂರಾಡಿತು, ಬಲಗಡೆಯ ಬಾಲದ ಹಲಗೆ ನೆಲಕ್ಕೆ ಉಜ್ಜಿತು. ರನ್‌ವೇ ಮೇಲೆ ಉಳಿಯುವುದಕ್ಕಿಂತ ಆಕಾಶವೇ ವಾಸಿ ಅಂತ ಆತ ಮೇಲೇರಿ, ಆರು ನಿಮಿಷ ಹಾರಿ, ಕ್ಷೇಮವಾಗಿ ಇಳಿಸಿದ. ಅಧಿಕೃತ ಮೊದಲ ಹಾರಾಟ ಆದದ್ದು ಫೆಬ್ರವರಿ 2ಕ್ಕೆ. ಇದನ್ನು ಹೇಳುವಾಗ ಮೇಷ್ಟ್ರ ಕೈಯಲ್ಲಿದ್ದ ಬಟ್ಟಲೂ ಆ ಕಡೆ ಈ ಕಡೆ ವಾಲಿ, ಮೊಣಕಾಲ ಮೇಲೆ ಕಾಫಿ ಚೆಲ್ಲಿತು. ಅವರು ಗಮನಿಸಲೇ ಇಲ್ಲ.

ಹಾರುವವರು ಬಂದರು. ಮೇಷ್ಟ್ರ ಭಾವಮೈದ, ವಾಯುಪಡೆಯಲ್ಲಿದ್ದು ನಿವೃತ್ತರಾದವರು. ಮಾತು ಕಡಿಮೆ, ಮೀಸೆ ದಪ್ಪ. ಬಂದ ಕೂಡಲೇ ಕುರ್ಚಿಯ ಎತ್ತರ ಸರಿಯಿಲ್ಲ ಅಂತ ಎರಡು ದಿಂಬು ಕೇಳಿದರು. ರಾತ್ರಿ ಎಂಟಿರಬಹುದು. ಹೊರಗೆ ಮಾಗಿಯ ಚಳಿ, ಬೀದಿದೀಪದ ಸುತ್ತ ಮಂಜಿನ ಬಳೆ. ಕೆಳಗಿಂದ ಹಿತಕಿದಬೇಳೆ ಸಾರಿನ ಒಗ್ಗರಣೆ ಏರಿ ಬರುತ್ತಿತ್ತು.

ಇಳಿಯುವ ವೇಗಕ್ಕೆ ವಿಮಾನ ಇಟ್ಟು, ಪರದೆ ಮೇಲೆ ರನ್‌ವೇ ಅಂತ ಒಂದು ಚುಕ್ಕೆ ಇಟ್ಟೆವು. ಚುಕ್ಕೆ ಮೇಲೆ ಮೂತಿ ನಿಲ್ಲಿಸಬೇಕು. ನಾವು ಮಾಡಿದಾಗ ಒಂದಿಷ್ಟು ಆಚೀಚೆ ಇದ್ದರೆ ಇರಲಿ ಅಂತ ಬಿಡುತ್ತಿದ್ದೆವು. ಅವರು ಬಿಡಲಿಲ್ಲ. ಚುಕ್ಕೆ ಕೂದಲೆಳೆಯಷ್ಟು ಜಾರಿದರೂ ಕೈ ತಿದ್ದುತ್ತಿತ್ತು. ಮಣಿಕಟ್ಟು ಕಂಡೂ ಕಾಣದಷ್ಟು ಚುರುಕು. ನೆಲ ಹತ್ತಿರವಾಯಿತು. ದಿಗಂತದ ಗೆರೆ ಒಮ್ಮೆ ಮೇಲೆದ್ದಿತು. ಅವರು ತಳ್ಳಿದರು. ಗೆರೆ ಇಳಿಯಿತು, ಬೇಕಾದ್ದಕ್ಕಿಂತ ಹೆಚ್ಚು. ಎಳೆದರು. ಎದ್ದಿತು, ಇನ್ನೂ ಹೆಚ್ಚು. ನಾಲ್ಕನೇ ಸಲಕ್ಕೋ ಐದನೇ ಸಲಕ್ಕೋ ಪರದೆ ಪೂರ್ತಿ ನೆಲವಾಯಿತು. ಪ್ರೋಗ್ರಾಮು ನಿಂತಿತು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅವರು ಜಾಯ್‌ಸ್ಟಿಕ್ಕಿಂದ ಕೈ ತೆಗೆದು, ಆ ಚಳಿಯಲ್ಲೂ ಬೆವೆತಿದ್ದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಪೇಪರ್ ಮೇಲೆ ತೋರ್ಸ್ರಯ್ಯಾ" ಅಂದರು ಮೇಷ್ಟ್ರು.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕಿರ್ ಕಿರ್ ಅಂತ ಉದ್ದದ ಕಾಗದ ಬಿಟ್ಟಿತು. ಎರಡು ಗೆರೆ. ಮೇಲಿನದು ಪೈಲಟ್ಟಿನ ಕೈ, ಕೆಳಗಿನದು ಬಾಲದ ಹಲಗೆ. ಮೊದಮೊದಲು ಎರಡೂ ಕೆರೆಯ ನೀರಿನ ಅಲೆಯ ಹಾಗೆ, ಒಂದರ ಹಿಂದೆ ಒಂದು. ಬರುಬರುತ್ತ ಮೇಲಿನ ಅಲೆ ದೊಡ್ಡದಾಯಿತು. ಕೆಳಗಿನದು ಅಲೆಯಾಗಿ ಉಳಿಯಲೇ ಇಲ್ಲ. ದುಂಡಗಿದ್ದ ತುದಿಗಳು ಚೂಪಾಗಿ, ಏರುವ ಕಡೆ ನೇರ, ಇಳಿಯುವ ಕಡೆ ನೇರ, ಗರಗಸದ ಹಲ್ಲು ಸಾಲಾಗಿ ಕೂತಿದ್ದವು. ಮೇಷ್ಟ್ರು ಸ್ಟೀಲ್ ಸ್ಕೇಲನ್ನು ಒಂದು ಹಲ್ಲಿನ ಇಳಿಜಾರಿಗೆ ಇಟ್ಟರು. ಪಕ್ಕದ ಹಲ್ಲಿಗೆ ಸರಿಸಿದರು. ಅದೇ ಇಳಿಜಾರು. ಎಲ್ಲ ಹಲ್ಲಿಗೂ ಅದೇ. ಪೆನ್ಸಿಲಿನಿಂದ ಚೌಕ ಎಣಿಸಿ ಹೇಳಿದರು: "ಸೆಕೆಂಡಿಗೆ ಅರವತ್ತು. ತೋಳಿಗೆ ಇದಕ್ಕಿಂತ ಆಗಲ್ಲ ಅಂತ ಅದು ಕೂಗ್ತಾ ಇದೆ ನೋಡಿ."

ಬಾಲ ತನ್ನ ಶಕ್ತಿಯನ್ನೆಲ್ಲ ಹಾಕಿ ಓಡುತ್ತಿತ್ತು, ಆದರೂ ಹಿಂದೆ ಬೀಳುತ್ತಿತ್ತು. ಭಾವಮೈದ ತಳ್ಳು ಅಂದಾಗ ಅದು ಇನ್ನೂ ಹಿಂದಿನ ಎಳೆತದಲ್ಲೇ ಇರುತ್ತಿತ್ತು. ಇಷ್ಟು ಅರ್ಥವಾಯಿತು. ತಡವಾದ ಮಾತ್ರಕ್ಕೆ ಅಲೆ ಯಾಕೆ ಬೆಳೆಯಬೇಕು ಅನ್ನುವುದು ನನ್ನ ತಲೆಗೆ ಇಳಿಯಲಿಲ್ಲ. ಕೇಳಿದೆ. ಮೇಷ್ಟ್ರು ನಮ್ಮನ್ನೆಲ್ಲ ಎಬ್ಬಿಸಿ ಕೆಳಗೆ ನಡುಮನೆಗೆ ಕರೆದುಕೊಂಡು ಹೋದರು. ಮಗು ಒಳಕೋಣೆಯಲ್ಲಿ ತಾಯಿಯ ಹತ್ತಿರ ಇತ್ತು. ತೊಟ್ಟಿಲು ಬರಿದಾಗಿತ್ತು. ಮೇಷ್ಟ್ರು ಹಗ್ಗಕ್ಕೆ ಕೈ ಹಾಕಿದ್ದೇ ಅಜ್ಜಿ ಸೌಟು ಹಿಡಿದು ಓಡಿ ಬಂದರು.

"ಬರೀ ತೊಟ್ಟಿಲು ತೂಗ್ಬಾರ್ದು ಮೇಷ್ಟ್ರೇ! ನಿಮ್ಗೂ ಗೊತ್ತಿಲ್ವಾ?"

"ತಪ್ಪಾಯ್ತು ತಾಯಿ. ಏನಾದ್ರೂ ಇಡಿ ಹಾಗಾದ್ರೆ."

ಅಜ್ಜಿ ಒಳಗೆ ಹೋಗಿ ಗುಂಡುಕಲ್ಲು ತಂದು, ನಾಮಕರಣದ ದಿನ ಮಲಗಿಸಿದ ಹಾಗೇ, ಬಟ್ಟೆ ಸುತ್ತಿ ಮಲಗಿಸಿದರು. ಮೇಷ್ಟ್ರು ತೊಟ್ಟಿಲು ತೂಗಿ ಬಿಟ್ಟರು. ಕಾರ್ಕಳದವನನ್ನು ಎದುರಿಗೆ ಕರೆದು ಅದನ್ನು ನಿಲ್ಲಿಸಲು ಹೇಳಿದರು. ಅವನು ತೊಟ್ಟಿಲು ತನ್ನ ಕಡೆ ಬಂದಾಗ ಮೆತ್ತಗೆ ಎದುರು ತಳ್ಳಿದ. ಎರಡು ತಳ್ಳಿಗೆ ನಿಂತಿತು. "ಈಗ ಕಣ್ಣು ಮುಚ್ಚು. ನಾನು ಹೂಂ ಅಂದಾಗ ಮಾತ್ರ ತಳ್ಳು." ಮತ್ತೆ ತೂಗಿಬಿಟ್ಟರು. ತೊಟ್ಟಿಲು ಅವನ ಕಡೆ ಬಂತು. ಮೇಷ್ಟ್ರು ಸುಮ್ಮನಿದ್ದರು. ಬಂದು, ನಿಂತು, ಹಿಂದಕ್ಕೆ ಹೊರಟಿತು. ಆಗ "ಹೂಂ." ಅವನು ತಳ್ಳಿದ. ಹಿಂದಕ್ಕೆ ಹೊರಟಿದ್ದ ತೊಟ್ಟಿಲಿಗೆ ಹಿಂದಿನಿಂದ ಇನ್ನೊಂದು ನೂಕು. ಮುಂದಿನ ಸಲ ಇನ್ನೂ ದೂರ. ನಾಲ್ಕು "ಹೂಂ" ಆಗುವಷ್ಟರಲ್ಲಿ ಗುಂಡುಕಲ್ಲು ಹೊರಳಿ, ತೊಲೆ ಕಿರುಗುಟ್ಟಿ, ಅಜ್ಜಿ ಹಗ್ಗ ಕಸಿದುಕೊಂಡರು. ನಿಲ್ಲಿಸಬೇಕೆಂಬ ಕೈಯೇ ತೂಗುತ್ತಿತ್ತು, ಬರೀ ತಡವಾದ್ದರಿಂದ.

ಬಾಗಿಲಿಗೆ ಒರಗಿ ನಿಂತಿದ್ದ ಭಾವಮೈದ ಆಗ ಬಾಯಿ ಬಿಟ್ಟರು. "ಕೋಲು ಬಿಟ್ಟುಬಿಟ್ಟಿದ್ರೆ ಅದೇ ಸರಿಹೋಗ್ತಿತ್ತು. ಆದ್ರೆ ನೆಲ ಅಷ್ಟು ಹತ್ರ ಇರೋವಾಗ ಯಾರ ಕೈಗೂ ಬಿಡೋಕೆ ಮನಸ್ಸು ಬರಲ್ಲ." ಸ್ವೀಡನ್ನಿನ ಗ್ರಿಪೆನ್ ವಿಮಾನದ ಮಾತನ್ನು ಅವರೇ ಎತ್ತಿದರು ಅಂತ ನೆನಪು, ಮೇಷ್ಟ್ರೂ ಇರಬಹುದು. 1989ರ ಫೆಬ್ರವರಿಯಲ್ಲಿ ಲಿನ್‌ಶೋಪಿಂಗ್‌ನಲ್ಲಿ ಅದರ ಮೊದಲ ಮಾದರಿ ಇಳಿಯುವಾಗ ಇದೇ ರೀತಿ ತೂಗಾಡಿ ರನ್‌ವೇ ಮೇಲೆ ಮಗುಚಿತು. ಪೈಲಟ್ ಲಾರ್ಸ್ ರೋಡೆಸ್ಟ್ರೋಮ್ ಬದುಕಿಕೊಂಡರು. ನಾಲ್ಕು ವರ್ಷದ ಮೇಲೆ, 1993ರ ಆಗಸ್ಟಿನಲ್ಲಿ ಸ್ಟಾಕ್‌ಹೋಮಿನ ಜಾತ್ರೆಯಂಥ ಹಬ್ಬದಲ್ಲಿ ಸಾವಿರಾರು ಜನರ ನೆತ್ತಿಯ ಮೇಲೆ ಇನ್ನೊಂದು ಗ್ರಿಪೆನ್ ಹಿಡಿತ ತಪ್ಪಿತು. ಅದರಲ್ಲೂ ಅವರೇ. ಹೊರಕ್ಕೆ ಚಿಮ್ಮಿ ಉಳಿದರು. ಕೈಯ ಬೀಸು ಜೋರಾದಾಗ ಹಲಗೆಗಳ ವೇಗ ಸಾಲದೆ ಹೋದದ್ದೇ ಅಲ್ಲೂ ಕಂಟಕ. ಅಷ್ಟು ದೊಡ್ಡ ವಿದ್ಯೆಯವರಿಗೆ ಆದದ್ದು ನಮ್ಮ ಶೀಟಿನ ಕೋಣೆಯಲ್ಲಿ ಕಾಗದದ ಮೇಲೆ ಕಂಡಿತಲ್ಲ ಅಂತ ನನಗೆ ಮೈ ಜುಮ್ಮೆಂದಿತು.

ಅವತ್ತು ಊಟಕ್ಕೆ ಎಲ್ಲರೂ ಕೆಳಗೇ ಕೂತೆವು. ರಾಗಿಮುದ್ದೆಯೋ ಅಕ್ಕಿರೊಟ್ಟಿಯೋ ಮರೆತಿದೆ. ಹಿತಕಿದಬೇಳೆ ಸಾರಂತೂ ಹೌದು. ಮೇಲೆ ತೇಲುವ ಎಣ್ಣೆಯನ್ನು ಬೆರಳಲ್ಲಿ ಸರಿಸುತ್ತ ಮೇಷ್ಟ್ರು ಗರಗಸದ ಹಲ್ಲಿನ ಬಗ್ಗೆ ಯೋಚಿಸುತ್ತಿದ್ದರು.

ಸರಿಪಡಿಸಲು ವಾರಕ್ಕಿಂತ ಹೆಚ್ಚು ಹಿಡಿಯಿತು. ಕೈಯ ಸಣ್ಣ ನಡುಕವನ್ನೆಲ್ಲ ಬಾಲಕ್ಕೆ ದಾಟಿಸದೆ ಸೋಸುವ ಜಾಲರಿ ಒಂದು. ಇಳಿಯುವಾಗ ಕೋಲಿನ ಚುರುಕು ತಗ್ಗಿಸುವುದು ಇನ್ನೊಂದು. ಕಷ್ಟ ಕೊಟ್ಟಿದ್ದು ಬಾಕಿಯ ಲೆಕ್ಕ. ಬಾಲ ಹೇಳಿದಷ್ಟು ತಿರುಗದಿದ್ದಾಗ ನಮ್ಮ ನಿಯಮ ಉಳಿದದ್ದನ್ನು ಶೆಟ್ಟರ ಅಂಗಡಿಯ ಸಾಲದ ಪುಸ್ತಕದಲ್ಲಿ ಬರೆದ ಹಾಗೆ ಕೂಡಿಡುತ್ತಿತ್ತು. ಪೈಲಟ್ ಕೈ ಹಿಂದಕ್ಕೆ ತಂದರೂ ಹಳೆ ಬಾಕಿ ತೀರುವ ತನಕ ಬಾಲ ಹಿಂದಿರುಗುತ್ತಿರಲಿಲ್ಲ. ತೋಳು ಸೋತ ಹೊತ್ತಿನಲ್ಲಿ ಬಾಕಿ ಬರೆಯಬೇಡ ಅಂತ ಮೂರು ಸಾಲು ಸೇರಿಸಿದ್ದು ತಿಪಟೂರಿನವನು. ಸೋಸುವುದಕ್ಕೂ ಬೆಲೆ ಇತ್ತು. ಜಾಲರಿ ಸಣ್ಣಗಾದಷ್ಟೂ ಕೈಯ ಮಾತು ತಡವಾಗಿ ತಲುಪುತ್ತದೆ, ತಡವೇ ನಮ್ಮ ಶತ್ರು. ಅತ್ತ ಎಳೆದರೆ ಇತ್ತ ಸಾಲದು. ರಾತ್ರಿ ಎರಡರವರೆಗೆ ಕೂತು, ಒಂದೊಂದು ಅಂಕಿ ಬದಲಿಸಿ, ಒಂದೊಂದು ಕಾಗದ ಎಳೆದು, ಹಲ್ಲುಗಳು ದುಂಡಗಾಗುವುದನ್ನು ನೋಡುತ್ತಿದ್ದೆವು. ಭಾವಮೈದ ಮತ್ತೆ ಬಂದು, ಎರಡು ದಿಂಬಿನ ಮೇಲೆ ಕೂತು, ಚುಕ್ಕೆಯ ಮೇಲೆ ಇಳಿಸಿದರು. ಸುಮಾರು ಇಪ್ಪತ್ತು ಸಲ ಇಳಿಸಿರಬೇಕು. ಕೊನೆಗೆ ತಲೆಯಾಡಿಸಿದರು, ಅಷ್ಟೆ. ಮೇಷ್ಟ್ರು ಅವತ್ತು ಟೋಪಿ ತೆಗೆದು ತಲೆ ಸವರಿಕೊಂಡರು.

ಇದೆಲ್ಲ ನಡೆಯುವಾಗ ಅದೇ ರಸ್ತೆಯ ಆಚೀಚೆ ದೊಡ್ಡವರು ನಿಜವಾದ ವಿಮಾನಕ್ಕೆ ಇದೇ ಕೆಲಸ ಮಾಡುತ್ತಿದ್ದರು. ನಮ್ಮ ದೇಶದ ಹಗುರ ಯುದ್ಧವಿಮಾನ, ಎಲ್‌ಸಿಎ. ತೇಜಸ್ ಎಂಬ ಹೆಸರು ಬಂದದ್ದು 2003ರಲ್ಲಿ, ಆಗ ಬರೀ ಎಲ್‌ಸಿಎ. ಅದೂ ಅಂಗೈ ಮೇಲಿನ ಕೋಲೇ. ಅದಕ್ಕೂ ನಾಲ್ಕು ಪಟ್ಟು ಭದ್ರತೆಯ ಫ್ಲೈ-ಬೈ-ವೈರ್. ಕೋಟ ಹರಿನಾರಾಯಣ ಯೋಜನೆಯ ಮುಖ್ಯಸ್ಥರು. ಕಂಟ್ರೋಲ್ ಲಾ ಬರೆಯಲೆಂದೇ ಎನ್‌ಎಎಲ್ ಪ್ರಯೋಗಾಲಯದಲ್ಲಿ 1992ರಲ್ಲಿ ಒಂದು ರಾಷ್ಟ್ರೀಯ ತಂಡ ಕಟ್ಟಿದ್ದರು, ಶ್ಯಾಮ್ ಚೆಟ್ಟಿ ಅದರ ನಾಯಕರು. ವಿಮಾನವನ್ನು ಕಾರ್ಖಾನೆಯಿಂದ ಹೊರಗೆ ತಂದು ತೋರಿಸಿದ್ದು 1995ರ ನವೆಂಬರಿನಲ್ಲಿ. ಹಾರಲಿಲ್ಲ. ಒಂದು ವರ್ಷ, ಎರಡು ವರ್ಷ, ಐದು ವರ್ಷ. ಟೀ ಅಂಗಡಿಯಲ್ಲಿ ಜನ ಬಾಯಿಗೆ ಬಂದಂತೆ ಆಡುತ್ತಿದ್ದರು. ಮೇಷ್ಟ್ರು ಸಿಟ್ಟಾಗುತ್ತಿದ್ದುದನ್ನು ನಾನು ಕಂಡದ್ದು ಅಲ್ಲಿ ಮಾತ್ರ.

"ಐದು ವರ್ಷ ಹಾರ್ತಾನೇ ಇದೆ ಕಣ್ರಯ್ಯಾ ಅದು. ನಿಮ್ಗೆ ಕಾಣ್ತಿಲ್ಲ ಅಷ್ಟೆ."

ಅವರು ಹೇಳಿದ್ದು ಅಕ್ಷರಶಃ ನಿಜ. ಸಿಮ್ಯುಲೇಟರಿನಲ್ಲಿ ಪೈಲಟ್‌ಗಳು ಅದನ್ನು ಹಾರಿಸುತ್ತಲೇ ಇದ್ದರು. ಐರನ್ ಬರ್ಡ್ ಅಂತ ಕರೆಯುವ ಕಬ್ಬಿಣದ ಚೌಕಟ್ಟಿಗೆ ನಿಜವಾದ ಹೈಡ್ರಾಲಿಕ್ ತೋಳುಗಳನ್ನೂ ಕಂಪ್ಯೂಟರುಗಳನ್ನೂ ಜೋಡಿಸಿ, ನೆಲ ಬಿಟ್ಟು ಏಳದ ಆ ಹಕ್ಕಿಯನ್ನು ಹಗಲೂ ರಾತ್ರಿ ಆಡಿಸುತ್ತಿದ್ದರು. 1996ರಲ್ಲಿ ನಮ್ಮವರು ಬರೆದ ಕಂಟ್ರೋಲ್ ಲಾವನ್ನು ಅಮೆರಿಕದಲ್ಲಿ ವಿಸ್ತಾ ಎಂಬ ವಿಶೇಷ ಎಫ್-16ರೊಳಗೆ ತುಂಬಿ ಆಕಾಶದಲ್ಲೇ ಪರೀಕ್ಷಿಸಿದ್ದರು. ಬೇರೆ ವಿಮಾನದ ಸ್ವಭಾವವನ್ನು ಮೈಮೇಲೆ ತಂದುಕೊಂಡು ಹಾರಬಲ್ಲ ವಿಮಾನ ಅದು. ನಮ್ಮ ಎಲ್‌ಸಿಎ ಹಾಗೆ ಒಂದು ಎಫ್-16ರ ಮೈಯಲ್ಲಿ ಮೊದಲು ಗಾಳಿ ಕಂಡಿತು. 1998ರಲ್ಲಿ ಪೋಖ್ರಾನ್ ಸ್ಫೋಟದ ಮೇಲೆ ನಿರ್ಬಂಧ ಬಂದು ಅಮೆರಿಕದ ನೆರವು ನಿಂತಿತು. ಆಮೇಲಿನದನ್ನು ಇಲ್ಲಿನವರೇ ಹೊತ್ತರು. ಒಂದೊಂದು ಮೈನಸ್ ಗೆರೆಯನ್ನೂ ಬಲ್ಬಿಗೆ ಹಿಡಿದು ನೋಡುವವರು ಎಷ್ಟು ಜನ ಬೇಕಾಗಿರಬಹುದು ಅನ್ನುವುದು ನಮ್ಮ ಆ ಚಳಿಗಾಲದ ಮೇಲೆ ನನಗೆ ಅರಿವಾಯಿತು.

2001ರ ಜನವರಿ 4. ಈ ತಾರೀಖು ಮಾತ್ರ ನಾನು ಮರೆಯುವುದಿಲ್ಲ. ಭಾವಮೈದನಿಂದ ಮೇಷ್ಟ್ರಿಗೆ ಸುದ್ದಿ ಬಂದಿತ್ತು. ಮೂವರೂ ಕೆಲಸಕ್ಕೆ ರಜೆ ಹೇಳಿ, ಮೇಷ್ಟ್ರನ್ನು ನಡುವೆ ಹಾಕಿಕೊಂಡು, ಎಚ್‌ಎಎಲ್ ಕಾಂಪೌಂಡಿನ ಆಚೆಯ ರಸ್ತೆಯ ಪಕ್ಕ ನಿಂತೆವು. ಮಂಜು ಕರಗಿ ಬಿಸಿಲು ಏರುತ್ತಿತ್ತು. ಕಾರ್ಕಳದವನು ಬೇಯಿಸಿದ ಕಡಲೆಕಾಯಿ ಪೊಟ್ಟಣ ತಂದಿದ್ದ, ಯಾರೂ ತಿನ್ನಲಿಲ್ಲ. ಏರಿದ ಸದ್ದು ಕೇಳಿಸಿತು, ಕಣ್ಣಿಗೆ ಸರಿಯಾಗಿ ಸಿಗಲಿಲ್ಲ. ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಹಾರಿಸಿದ ಆ ಮೊದಲ ಹಾರಾಟ 18 ನಿಮಿಷದ್ದು. ನನಗೆ ಅದು ಒಂದು ಹಗಲು ಅನ್ನಿಸಿತು.

ಇಳಿಯಲು ಬಂದಾಗ ಕಂಡಿತು. ಸಣ್ಣ ವಿಮಾನ, ತ್ರಿಕೋನದ ರೆಕ್ಕೆ. ಅದಕ್ಕೆ ಹಿಂದೆ ಬಾಲದ ಹಲಗೆ ಇಲ್ಲ, ರೆಕ್ಕೆಯ ಹಿಂದಿನ ಅಂಚಿನ ಪಟ್ಟಿಗಳೇ ಆ ಕೆಲಸ ಮಾಡುತ್ತವೆ. ಸುತ್ತ ಇದ್ದವರೆಲ್ಲ ವಿಮಾನ ನೋಡುತ್ತಿದ್ದರು. ಮೇಷ್ಟ್ರು ಆ ಪಟ್ಟಿಗಳನ್ನು ನೋಡುತ್ತಿದ್ದರು, ಹಣೆಗೆ ಕೈ ಅಡ್ಡ ಹಿಡಿದು. ಅಷ್ಟು ದೂರಕ್ಕೆ ಏನು ಕಂಡಿತೋ. ಮೂತಿ ಒಂದಿಷ್ಟು ಎತ್ತಿಕೊಂಡು, ಹಾಗೇ ಇಳಿಯುತ್ತ ಬಂತು. ಮೇಷ್ಟ್ರ ಬಲಗೈ ತಾನಾಗಿ ಮುಂದೆ ಬಂದು ಏನನ್ನೋ ಹಿಡಿದ ಹಾಗೆ ಮಡಚಿತ್ತು. ಆ ಕೈ ಅಲುಗಲಿಲ್ಲ. ವಿಮಾನ ಕಾಂಪೌಂಡಿನ ಹಿಂದೆ ಮರೆಯಾಯಿತು. ಆಮೇಲೆ ಒಳಗಿನಿಂದ ಚಪ್ಪಾಳೆಯ ಸದ್ದು.

ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ಕೂತು ಕಾಳು ಹಿತುಕುತ್ತಿದ್ದರು. ಹೆಬ್ಬೆರಳಲ್ಲಿ ಹಗ್ಗ, ಒಳಗೆ ಮಗು ನಿದ್ದೆಯಲ್ಲಿ.

"ಇಳೀತಾ ಮೇಷ್ಟ್ರೇ?"

"ಇಳೀತು ತಾಯಿ."

"ತೂಗಾಡ್ತಾ?"

ಮೇಷ್ಟ್ರು ಟೋಪಿ ತೆಗೆದು ಮೆಟ್ಟಿಲ ಮೇಲೆ ಕೂತರು. "ಇಲ್ಲಮ್ಮ. ಒಂದಿಷ್ಟೂ ಇಲ್ಲ" ಅಂದರು. ಅಜ್ಜಿ ಮೊರವನ್ನು ಅವರ ಕಡೆ ಸರಿಸಿದರು. ಅವರು ಒಂದು ಹಿಡಿ ನೆನೆದ ಕಾಳು ಎತ್ತಿಕೊಂಡು ಒಂದೊಂದಾಗಿ ಹಿತುಕತೊಡಗಿದರು.